ಒಂದರ ಬೆನ್ನಿಗೆ ಹನ್ನೆರಡು

ಹನ್ನೆರಡು ಮುಳ್ಳುಗಳನ್ನೂ ಕಿಟಕಿಯ ದಂಡೆಯ ಮೇಲೆ ಸಾಲಾಗಿ ಇಟ್ಟಾದ ಮೇಲೂ ಕಲೀಮುಲ್ಲಾನಿಗೆ ಸಮಾಧಾನವಾಗಲಿಲ್ಲ. ಐದನೆಯದನ್ನು ಎತ್ತಿ, ಮೊನೆಯನ್ನು ಹೆಬ್ಬೆರಳಿಗೆ ಒತ್ತಿ ನೋಡಿ, ಮರಳುಕಾಗದದ ಮೇಲೆ ಇನ್ನೆರಡು ಸಲ ತಿರುವಿದ. ಯುದ್ಧ ಶುರುವಾದ ಮೇಲೆ ಗ್ರಾಮಫೋನಿನ ಉಕ್ಕಿನ ಮುಳ್ಳು ಅಂಗಡಿಗಳಿಂದ ಮಾಯವಾಗಿತ್ತು. ಯುದ್ಧ ಮುಗಿದು ವರ್ಷ ಕಳೆದರೂ ದೊಡ್ಡಬಳ್ಳಾಪುರದ ತನಕ ಅದು ಬಂದಿರಲಿಲ್ಲ. ಬೈರಣ್ಣ ತನ್ನ ಹೊಲದ ಬದುವಿನ ಕತ್ತಾಳೆಯಿಂದ ತುದಿಮುಳ್ಳು ಕೊಯ್ದು, ನೆರಳಲ್ಲಿ ಒಣಗಿಸಿ, ಹಳೇ ಕಾಗದದಲ್ಲಿ ಸುತ್ತಿ ತಂದುಕೊಡುತ್ತಿದ್ದ. ಒಂದು ಮುಳ್ಳು ಪ್ಲೇಟಿನ ಒಂದು ಪಕ್ಕಕ್ಕೆ ಬಾಳುತ್ತಿತ್ತು, ಅಷ್ಟೇ. ಅದರ ದನಿಯೂ ಸಣ್ಣದು. ಬೀದಿಯ ಎರಡೂ ಬದಿಯಲ್ಲಿ ಮಗ್ಗಗಳು ಬಡಿಯುವ ದಿನ ಕಿವಿಯನ್ನು ಸೌಂಡ್ ಬಾಕ್ಸಿಗೆ ಹಚ್ಚಿದರೂ ಏನೂ ಕೇಳಿಸುತ್ತಿರಲಿಲ್ಲ. ಅದಕ್ಕೇ ಅವರು ನಾಲ್ಕು ಜನ ಸೇರುತ್ತಿದ್ದುದು ಅಮಾವಾಸ್ಯೆಯಂದು, ನೇಕಾರರು ಮಗ್ಗಕ್ಕೆ ರಜ ಕೊಡುವ ದಿನ. ಈ ತಿಂಗಳು ಅಮಾವಾಸ್ಯೆ ಭಾನುವಾರವೇ ಬಿದ್ದಿತ್ತು. ಬೆಳಗಿನಿಂದ ಲಾಳಿಯ ಸದ್ದಿಲ್ಲ. ತಿಂಗಳಿಗೊಮ್ಮೆ ಬರುವ ಈ ಮೌನಕ್ಕಾಗಿ ತಾನು ಉಳಿದ ಇಪ್ಪತ್ತೊಂಬತ್ತು ದಿನ ಕಾಯುತ್ತೇನೆ ಎಂದು ಕಲೀಮುಲ್ಲಾ ಯಾರಿಗೂ ಹೇಳಿರಲಿಲ್ಲ. ಮಿಡ್ಲ್ ಸ್ಕೂಲಿನ ಮೇಷ್ಟರು ಮೌನಕ್ಕೆ ಕಾಯುತ್ತಾರೆ ಎಂದರೆ ಹುಡುಗರ ಗಲಾಟೆ ತಾಳಲಾರದೆ ಎಂದುಕೊಂಡಾರು.

ಮೇಜಿನ ಮೇಲೆ ಆಲ್ಬಮ್ಮು ಇತ್ತು. ಪುಸ್ತಕದ ಹಾಗೆ ದಪ್ಪ ರಟ್ಟು, ಒಳಗೆ ಹಾಳೆಗಳ ಬದಲು ಕಂದು ಕಾಗದದ ಆರು ಚೀಲ, ಚೀಲಕ್ಕೊಂದು ಪ್ಲೇಟು. ರಟ್ಟಿನ ಮೇಲೆ ಬೆಟ್ಟ, ಮರದ ಮನೆ, ಮನೆಯ ಜಗಲಿಯಲ್ಲಿ ಕುರ್ಚಿ ಹಾಕಿ ಕೂತ ಒಬ್ಬ ಹೆಂಗಸಿನ ಚಿತ್ರ. ಬೆಂಗಳೂರಿನಲ್ಲಿ ಬೀಡುಬಿಟ್ಟಿದ್ದ ಅಮೆರಿಕದ ಸೋಲ್ಜರುಗಳು ಊರಿಗೆ ಹೊರಟಾಗ ಬಿಟ್ಟುಹೋದ ಸಾಮಾನು ಗುಜರಿಗೆ ಬಿದ್ದಿತ್ತು. ಬಸ್ ಏಜೆಂಟ್ ಮಸ್ತಾನ್ ಇದನ್ನು ಅಲ್ಲಿಂದ ಎತ್ತಿ, ಇದ್ದಿಲಿನಲ್ಲಿ ಓಡುವ ತನ್ನ ಬಸ್ಸಿನ ಸೀಟಿನಡಿ ಇಟ್ಟುಕೊಂಡು ತಂದಿದ್ದ. ಜೊತೆಗಿರಬೇಕಾಗಿದ್ದ ಪುಸ್ತಿಕೆಯಲ್ಲಿ ಮೊದಲ ಹಾಳೆ ಮಾತ್ರ ಉಳಿದಿತ್ತು. ಬೆಟ್ಟಸೀಮೆಯ ಹಳ್ಳಿಯ ಹೆಂಗಸೊಬ್ಬಳು ತನ್ನ ಮನೆಯಲ್ಲೇ ಕೂತು ಒಂದೇ ದಿನದಲ್ಲಿ ಹಾಡಿಕೊಟ್ಟ ಒಂದು ಉದ್ದನೆಯ ಕಥೆಹಾಡು ಎಂದು ಅದರಲ್ಲಿತ್ತು. ಉಳಿದದ್ದನ್ನು ಕಲೀಮುಲ್ಲಾ ಮೂರು ವಾರ ಕೂತು ತಾನೇ ಕಂಡುಕೊಂಡಿದ್ದ. ಅವಳ ಇಂಗ್ಲಿಷು ಅವನು ಬಿ.ಎ.ಗೆ ಓದಿದ ಇಂಗ್ಲಿಷಲ್ಲ. ಹತ್ತು ಮಾತಿಗೆ ಎರಡು ಸಿಕ್ಕಿದರೆ ಹೆಚ್ಚು. ಆದರೆ ತೊಟ್ಟಿಲು ಸಿಕ್ಕಿತ್ತು, ಉಂಗುರ ಸಿಕ್ಕಿತ್ತು, ರೈಲು, ಗೋರಿ. ಮೊದಲ ಪ್ಲೇಟಿನ ಮುಂಬದಿಯಲ್ಲಿ ತೊಟ್ಟಿಲು. ತಿರುವಿಹಾಕಿದರೆ ಗೋರಿ. ಎರಡನೆಯದರಲ್ಲಿ ಹುಡುಗಿ ಹಳ್ಳದ ನೀರಿನಲ್ಲಿ ಆಡುತ್ತಾಳೆ, ತಿರುವಿಹಾಕಿದರೆ ಮುದುಕಿ ಬಾಗಿಲಲ್ಲಿ ಒಬ್ಬಳೇ ಕೂತಿದ್ದಾಳೆ. ಲೇಬಲ್ಲಿನ ಮೂಲೆಯಲ್ಲಿ ಸಣ್ಣ ಅಂಕಿಗಳಿದ್ದವು: ಒಂದು, ಅದರ ಬೆನ್ನಿಗೆ ಹನ್ನೆರಡು, ಎರಡು, ಅದರ ಬೆನ್ನಿಗೆ ಹನ್ನೊಂದು. ಅಂಕಿಗಳನ್ನು ಕಂಡ ದಿನ ಅವನು ಕುರ್ಚಿಯಿಂದ ಎದ್ದು ನಿಂತುಬಿಟ್ಟಿದ್ದ. ಇದು ಕೈತಪ್ಪಿ ಆದದ್ದಲ್ಲ, ಬೇಕೆಂದೇ ಹೀಗೆ ಇಟ್ಟಿದ್ದಾರೆ ಎನ್ನಿಸಿ ಮೈ ಜುಮ್ಮೆಂದಿತ್ತು.

ತಿಂಗಳಿಗೊಂದು ಹಾಳೆ ಅವನು ಬರೆಯುತ್ತಿದ್ದ. ಹೆಸರು ‘ಶಿಫಾರಸು’. ಯಾವ ಪ್ಲೇಟು ಕೇಳಬೇಕು, ಯಾಕೆ ಕೇಳಬೇಕು, ಯಾವ ಸಾಲಿನಲ್ಲಿ ಉಸಿರು ಹಿಡಿಯಬೇಕು. ಕಾರ್ಬನ್ ಕಾಗದ ಇಟ್ಟು ಒತ್ತಿ ಬರೆದ ನಾಲ್ಕು ಪ್ರತಿಗಳು ಮಸ್ತಾನನ ಬಸ್ಸಿನಲ್ಲಿ ದೇವನಹಳ್ಳಿಗೆ, ನೆಲಮಂಗಲಕ್ಕೆ, ಜಡಿಗೇನಹಳ್ಳಿಯ ಮೇಷ್ಟರು ಮುನಿರಾಮಯ್ಯನವರಿಗೆ, ತ್ಯಾಮಗೊಂಡ್ಲಿನ ತೋಟದ ಆದಿನಾರಾಯಣಪ್ಪನವರಿಗೆ ಹೋಗುತ್ತಿದ್ದವು. ಹಾಳೆಯ ಹಿಂದೆಯೇ ಪ್ಲೇಟೂ ಊರೂರು ತಿರುಗುತ್ತಿತ್ತು, ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ವಾರ. ‘ಕಲೀಮುಲ್ಲಾ ಹೇಳಿದರೆ ಕಣ್ಣು ಮುಚ್ಚಿ ಕೇಳಬಹುದು’ ಎಂದು ಆದಿನಾರಾಯಣಪ್ಪನವರು ಒಮ್ಮೆ ಕಾರ್ಡಿನಲ್ಲಿ ಬರೆದಿದ್ದರು. ಆ ಕಾರ್ಡು ಅವನ ಕೋಟಿನ ಒಳಜೇಬಿನಲ್ಲಿ ಎಂಟು ತಿಂಗಳಿನಿಂದ ಮಡಿಕೆ ಬಿದ್ದುಕೊಂಡಿತ್ತು. ಈ ಸಲದ ಹಾಳೆ ನಿನ್ನೆಯೇ ಸಿದ್ಧವಾಗಿತ್ತು. ‘ಒಂದರ ಬೆನ್ನಿಗೆ ಹನ್ನೆರಡನ್ನು ಇಟ್ಟವರು ಬದುಕನ್ನು ಬಲ್ಲವರು. ಪ್ರತಿಯೊಂದು ಸುಖಕ್ಕೂ ಅದರದೇ ದುಃಖವನ್ನು ಬೆನ್ನಾಗಿ ಅಂಟಿಸಿದ್ದಾರೆ. ಆರನೆಯ ಪ್ಲೇಟಿಗೆ ಬರುವ ಹೊತ್ತಿಗೆ ಎರಡಕ್ಕೂ ಭೇದವಿಲ್ಲ.’ ಓದಿದ, ಮತ್ತೆ ಓದಿದ. ಇಷ್ಟು ಒಳ್ಳೆಯ ಮಾತನ್ನು ತಾನು ಇದುವರೆಗೂ ಬರೆದಿಲ್ಲ ಎಂದು ಅವನಿಗೆ ಗೊತ್ತಿತ್ತು. ಗೊತ್ತಿದೆಯಲ್ಲ ಎಂದು ನಾಚಿಕೆಯೂ ಆಯಿತು. ಹತ್ತರಲ್ಲಿ ಎರಡು ಮಾತು ಹಿಡಿದುಕೊಂಡು ಇಷ್ಟು ದೊಡ್ಡದನ್ನು ಕಟ್ಟಿದೆನಲ್ಲ ಎಂಬ ಅಳುಕು ಎಲ್ಲೋ ಚುಚ್ಚಿತು, ಕತ್ತಾಳೆ ಮೊನೆಯಷ್ಟೇ ಸಣ್ಣದಾಗಿ. ಅದನ್ನು ಅವನು ಹಾಗೇ ಇರಲು ಬಿಟ್ಟ.

ಪರದೆಯ ಆಚೆ ತಾಯಿ ಫಕ್ರುನ್ನೀಸಾ ಟೀ ಪಾತ್ರೆ ತೊಳೆಯುವ ಸದ್ದು. ಅವಳ ಹಿಂದೆ, ಮೂಲೆಯಲ್ಲಿ, ರಾಗಿ ಬೀಸುವ ಕಲ್ಲು. ಅದರ ಮೇಲೆ ಒಂದರ ಮೇಲೊಂದು ಮೂರು ಪಾತ್ರೆ. ಪಾತ್ರೆ ಹೇರಿಸಿಕೊಂಡು ಕೂತ ಆ ಕಲ್ಲನ್ನು ನೋಡದೆ ಒಳಗೆ ಹೋಗಿಬರುವುದನ್ನು ಅವನು ರೂಢಿ ಮಾಡಿಕೊಂಡಿದ್ದ. ಬೆಂಗಳೂರಿನ ಹಾಸ್ಟೆಲಿನಲ್ಲಿ ಒಂದು ಸಂಜೆ, ವೀಣೆಯವರ ಮನೆತನದ ಹುಡುಗನೊಬ್ಬ ಕೇಳಿದ್ದ: ನಿಮ್ಮ ಮನೆಯಲ್ಲಿ ಯಾರಾದರೂ ಹಾಡುತ್ತಾರಾ? ಕೇಳಿದ್ದರಲ್ಲಿ ಕುಚೋದ್ಯವಿರಲಿಲ್ಲ. ಇಲ್ಲ, ಎಂದಿದ್ದ ಕಲೀಮುಲ್ಲಾ. ಆ ‘ಇಲ್ಲ’ ಎಷ್ಟು ಸಲೀಸಾಗಿ ಬಂದಿತ್ತೆಂದರೆ ಅದು ಸುಳ್ಳೆಂದು ಹೊಳೆಯಲು ರಾತ್ರಿಯ ಊಟ ಮುಗಿಯಬೇಕಾಯಿತು. ಬೆಳಗಾಗುವ ಮುಂಚೆ ಕಲ್ಲಿನ ಮುಂದೆ ಕಾಲು ಚಾಚಿ ಕೂತು, ಮೊದಲ ಹಿಡಿಗೆ ಬಿಸ್ಮಿಲ್ಲಾ ಹೇಳಿ, ಸೇರುಗಟ್ಟಲೆ ರಾಗಿ ಮುಗಿಯುವ ತನಕ ದಖ್ಖನಿಯಲ್ಲಿ ಉದ್ದಕ್ಕೆ ಕಥೆ ಹೇಳಿಕೊಂಡು ಹಾಡುವವಳ ಮಡಿಲಿನಲ್ಲೇ ಅವನು ನಿದ್ದೆ ಮಾಡಿದ್ದು, ಬೆಳೆದದ್ದು. ಅದು ಹಾಡು ಎಂದು ಅವನಿಗೆ ಅನ್ನಿಸಿರಲಿಲ್ಲವೋ, ಅನ್ನಿಸಿದ್ದಕ್ಕೇ ಇಲ್ಲವೆಂದನೋ. ಓದು ಮುಗಿಸಿ ಬಂದ ವರ್ಷ, ಸ್ಕೂಲಿನ ಇನ್‌ಸ್ಪೆಕ್ಟರು ಮನೆಗೆ ಬಂದು ತಂಗಿದ್ದ ಬೆಳಗ್ಗೆ, ಪರದೆ ಸರಿಸಿ ಮೆಲ್ಲಗೆ ಹೇಳಿದ್ದ, “ನಕ್ಕೋ ಅಮ್ಮೀ, ಜನ ಕೇಳ್ತಾರೆ.” ಬೇಡ ಎಂದಷ್ಟೇ. ಅವಳು ತಟ್ಟನೆ ನಿಲ್ಲಿಸಿದ್ದಳು. ಮಾರನೆಯ ವಾರದಿಂದ ರಾಗಿ ಮಿಲ್ಲಿಗೆ ಹೋಗತೊಡಗಿತು. ಇಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಅಪ್ಪನ ಗ್ರಾಮಫೋನು ಆ ವರ್ಷವೇ ಮತ್ತೆ ಹೊರಗೆ ಬಂದದ್ದು.

ಮೂರು ಗಂಟೆಗೆ ಮಸ್ತಾನ್ ಬಂದ, ಅವನ ಹಿಂದೆ ತಾಲ್ಲೂಕು ಕಚೇರಿಯ ಗುಮಾಸ್ತ ಸಂಜೀವಪ್ಪ, ಕಡೆಗೆ ಹೆಗಲ ಮೇಲೆ ಟವಲು ಹಾಕಿಕೊಂಡು ಬೈರಣ್ಣ.

“ಏನ್ ಗುರು, ಮದುವಣಿಗನ ತರ ತಲೆ ಬಾಚ್ಕೊಂಡ್ ಕೂತಿದ್ದೀಯಾ,” ಎಂದ ಮಸ್ತಾನ್. “ಅಮೆರಿಕಾದೋಳು ಪ್ಲೇಟಿಂದ ಇಳಿದ್ ಬಂದ್ಬಿಡ್ತಾಳೆ ಅಂತಾನಾ?”

“ನೀನು ಬಾಯ್ ಮುಚ್ಚಿದ್ರೆ ಬಂದ್ರೂ ಬರಬಹುದು.”

“ಮೇಷ್ಟ್ರೇ, ಈ ಸಲದ ಮುಳ್ಳು ಭಾಳ ಗಟ್ಟಿ ಅವೆ,” ಬೈರಣ್ಣ ಕಿಟಕಿಯ ದಂಡೆ ನೋಡಿ ಹೇಳಿದ. “ಬಿಸಿಲಿಗೆ ಇಕ್ಕಿಲ್ಲ. ನಮ್ಮವಳು ಕೇಳಿದ್ಲು, ಇದ್ಯಾವ ದೇವ್ರಿಗೆ ಹರಕೆ ಅಂತ.”

ಸಂಜೀವಪ್ಪ ನಗಲಿಲ್ಲ. ಅವರು ಯಾವಾಗಲೂ ಹಾಗೇ, ನಶ್ಯದ ಡಬ್ಬಿಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು ಕೂರುವವರು. ರಾಗ ತಾಳ ಬಲ್ಲವರು. ಮೂರು ವರ್ಷದಲ್ಲಿ ಅವರು ಕಲೀಮುಲ್ಲಾನ ಶಿಫಾರಸನ್ನು ಒಮ್ಮೆಯೂ ತೆಗೆದುಹಾಕಿರಲಿಲ್ಲ, ಒಮ್ಮೆಯೂ ಪೂರ್ತಿ ಒಪ್ಪಿಯೂ ಇರಲಿಲ್ಲ. ಇವತ್ತು ಒಪ್ಪಬೇಕು, ಎಂದುಕೊಂಡ ಕಲೀಮುಲ್ಲಾ. ಇವತ್ತು ಒಪ್ಪದೆ ಗತಿಯಿಲ್ಲ.

ಅವರಲ್ಲೊಂದು ಪದ್ಧತಿಯಿತ್ತು. ಪ್ಲೇಟು ಆರಿಸಿದವನು ಎದ್ದು ನಿಂತು, ಕೇಳುವವರಿಗೆ ಅದನ್ನು ಒಪ್ಪಿಸಬೇಕು. ಅವನು ಎದ್ದು ನಿಂತ. ಬೆಟ್ಟಸೀಮೆಯ ಬಡ ಹಳ್ಳಿಗಳ ಬಗ್ಗೆ, ಅಜ್ಜಿಯಿಂದ ಮೊಮ್ಮಗಳಿಗೆ ಬಾಯಿಂದ ಬಾಯಿಗೆ ಬರುವ ಹಾಡುಗಳ ಬಗ್ಗೆ, ನಡುನಡುವೆ ಕೇಳುವ ಬ್ಯಾಂಜೊ ಎಂಬ ತಂತಿವಾದ್ಯಕ್ಕೆ ತಮಟೆಯ ಹಾಗೆ ಚರ್ಮ ಬಿಗಿದಿರುವುದರ ಬಗ್ಗೆ ಹೇಳಿದ. ಆಮೇಲೆ ಹಾಳೆಯ ಮಾತು. ಒಂದರ ಬೆನ್ನಿಗೆ ಹನ್ನೆರಡು. ತನ್ನ ದನಿ ಒಂದಿಷ್ಟು ನಡುಗಿದ್ದು ಅವನಿಗೇ ಹಿತವಾಯಿತು. ಕೀ ಕೊಟ್ಟು, ಮುಳ್ಳು ಸಿಕ್ಕಿಸಿ, ಮೊದಲ ಪ್ಲೇಟು ಇಟ್ಟ. ಸಣ್ಣ ಗರಗರ, ಅದರೊಳಗಿಂದ ಹೆಂಗಸಿನ ದನಿ, ಒಣಗಿದ, ಇನ್ನೂ ಎಚ್ಚರವಾಗದಂಥ ದನಿ. ತೊಟ್ಟಿಲು. ತಿರುವಿ ಹಾಕಿದ. ಗೋರಿ. ಅದರ ಕೊನೆಯಲ್ಲಿ ಹಾಡು ಮುಗಿದ ಮೇಲೂ ಪ್ಲೇಟು ಒಂದು ಗಳಿಗೆ ತಿರುಗುತ್ತದೆ, ಅವಳ ಉಸಿರು ಕೇಳುತ್ತದೆ. ‘ಸಾವಿನ ಹೊಸಿಲ ಮೇಲಿನ ನಿಟ್ಟುಸಿರು’ ಎಂದು ಹಾಳೆಯಲ್ಲಿ ಬರೆದಿದ್ದ.

ಎರಡನೆಯ ಪ್ಲೇಟನ್ನು ಕೈಗೆತ್ತಿಕೊಂಡಾಗ ಸಂಜೀವಪ್ಪ ಬಗ್ಗಿ ಲೇಬಲ್ಲು ನೋಡಿದರು. “ಇದು ಎರಡು ಅಂತಿದೆಯಲ್ಲ. ಒಂದಾದ್ಮೇಲೆ ಎರಡನ್ನೇ ಹಾಕ್ಬೇಕಿತ್ತೇನೋ. ಮುಂದಿನ ಪಕ್ಕಗಳನ್ನೆಲ್ಲ ಮೊದಲು ಮುಗಿಸಿ...”

ಕಲೀಮುಲ್ಲಾ ನಕ್ಕ. ಆ ನಗು ತನ್ನ ಮುಖದ ಮೇಲೆ ಹೇಗೆ ಕಂಡಿತೆಂದು ಆಮೇಲೆ ಅವನು ತುಂಬ ಸಲ ಯೋಚಿಸಬೇಕಾಯಿತು. “ಇದು ನಿಮ್ಮ ಕಚೇರಿ ಫೈಲಲ್ಲ ಸಂಜೀವಪ್ಪನೋರೆ, ಪುಟದ ನಂಬರು ಹಿಡ್ಕೊಂಡು ಓದೋಕೆ.”

ಮಸ್ತಾನ್ ತೊಡೆ ತಟ್ಟಿಕೊಂಡು ನಕ್ಕ. ಬೈರಣ್ಣ ಟವಲಿನಲ್ಲಿ ಬಾಯಿ ಒರೆಸಿಕೊಂಡ. ಸಂಜೀವಪ್ಪನವರ ಕಿವಿ ಕೆಂಪಾಯಿತು. ಅವರು ನಶ್ಯದ ಡಬ್ಬಿ ತೆಗೆದು, ನಶ್ಯ ಏರಿಸದೆ ಮತ್ತೆ ಮುಚ್ಚಿದರು. ಇಪ್ಪತ್ತು ವರ್ಷ ದೊಡ್ಡವರು. ಕಲೀಮುಲ್ಲಾನಿಗೆ ಒಂದು ಕ್ಷಣ ಕಸಿವಿಸಿಯಾಯಿತು, ಆದರೆ ಹುಡುಗಿ ಹಳ್ಳದ ನೀರಿಗೆ ಇಳಿದಿದ್ದಳು, ಅವನು ಅವಳ ಹಿಂದೆ ಹೋದ. ಮುಳ್ಳು ಬದಲಿಸುವುದು, ಕೀ ಕೊಡುವುದು, ತಿರುವುವುದು. ಹಳ್ಳ, ಒಂಟಿ ಮುದುಕಿ. ಉಂಗುರ, ಬರಿದಾದ ಮನೆ. ಪ್ರತಿಸಲ ತಿರುವುವಾಗಲೂ ಮೂವರ ಮುಖ ತನ್ನ ಕೈಯನ್ನೇ ನೋಡುತ್ತಿರುವುದು ಅವನಿಗೆ ಗೊತ್ತಾಗುತ್ತಿತ್ತು. ಆರನೆಯದರ ಎರಡು ಪಕ್ಕ ಮುಗಿದಾಗ ಯಾರೂ ಮಾತಾಡಲಿಲ್ಲ. ಮೂರು ವಾರದಿಂದ ಅವನು ಕಾಯ್ದಿದ್ದು ಈ ಮೌನಕ್ಕೆ.

ಆಗ ಒಳಬಾಗಿಲ ಚಿಲಕ ಎರಡು ಸಲ ಅಲುಗಿತು. ಟೀ ಆಯಿತೆಂದು ಗುರುತು. ಹೊರಗಿನ ಗಂಡಸರಿದ್ದಾಗ ಫಕ್ರುನ್ನೀಸಾ ಬಾಯಿಬಿಟ್ಟು ಕರೆಯುತ್ತಿರಲಿಲ್ಲ.

ಅವನು ಒಳಗೆ ಹೋದಾಗ ನಾಲ್ಕು ಲೋಟ ತಟ್ಟೆಯಲ್ಲಿದ್ದವು. ಅವಳು ತಟ್ಟೆ ಕೊಡಲಿಲ್ಲ. ಸೆರಗಿನ ತುದಿಯಲ್ಲಿ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

“ಉಲ್ಟಾ ಹಾಕ್ತಿದ್ದೀಯ ಬೇಟಾ,” ಎಂದಳು, ತೀರ ಮೆಲ್ಲಗೆ.

“ಏನು?”

“ಅವಳ ಹಾಡು. ಉಲ್ಟಾ ಪಲ್ಟಾ ಆಗಿದೆ. ಮೊದಲು ಶುರುವಾದಾಗ ಅವಳ ಗಂಟಲು ಒಣಗಿತ್ತು. ಆಗಷ್ಟೇ ಕೂತವಳು. ನೀನು ತಿರುವಿ ಹಾಕಿದ ಕೂಡಲೆ ಸುಸ್ತಾದ ಗಂಟಲು. ಆಮೇಲೆ ಮತ್ತೆ ಹೊಸದು, ಮತ್ತೆ ಸುಸ್ತು. ಹಂಗೆ ಯಾರಿಗಾದ್ರೂ ಆಗತ್ತಾ? ಇಷ್ಟುದ್ದ ಹಾಡೋವಾಗ ಮೊದಲ ಹಿಡಿಗೆ ಗಂಟಲು ಕಟ್ಟಿರತ್ತೆ, ನಡುವೆ ಬಿಚ್ಕೊಳತ್ತೆ, ಕೊನೆ ಹಿಡಿಗೆ ಬೀಳತ್ತೆ. ಕಡೇ ಪ್ಲೇಟಲ್ಲಿ ಮಾತ್ರ ಎರಡು ಪಕ್ಕಕ್ಕೂ ಒಂದೇ ಗಂಟಲು, ಪೂರಾ ಬಿಚ್ಚಿಕೊಂಡಿರೋದು. ಅಂದ್ರೆ ಅದು ನಡು. ಅವಳು ಎಲ್ಲಾ ಪ್ಲೇಟಿನ ಮೇಲುಗಡೆ ಹಾಡ್ಕೊಂಡು ಹೋಗಿ, ಕಡೇದರಿಂದ ಕೆಳಗಡೆ ಹಿಡ್ಕೊಂಡು ವಾಪಸ್ ಬಂದಿದ್ದಾಳೆ.”

ಅವನು ಲೋಟಗಳನ್ನು ನೋಡಿದ. ಟೀಯ ಮೇಲೆ ಕೆನೆ ಕಟ್ಟುತ್ತಿತ್ತು. ‘ಒಂದೇ ದಿನದಲ್ಲಿ ಹಾಡಿಕೊಟ್ಟ’ ಎಂದು ಪುಸ್ತಿಕೆಯ ಆ ಒಂದೇ ಹಾಳೆಯಲ್ಲಿತ್ತು. ಅದನ್ನು ಅವಳು ಓದಿರಲಿಲ್ಲ, ಅವಳಿಗೆ ಇಂಗ್ಲಿಷಿನ ಒಂದಕ್ಷರ ಬರುವುದಿಲ್ಲ. ಒಂದು, ಎರಡು, ಮೂರು, ಆರು, ಏಳು, ಹನ್ನೊಂದು, ಹನ್ನೆರಡು. ಎಷ್ಟು ಸುಲಭ. ಒಂದನೇ ಕ್ಲಾಸಿನ ಹುಡುಗ ಜೋಡಿಸುತ್ತಿದ್ದ. ತಾಲ್ಲೂಕು ಕಚೇರಿಯ ಗುಮಾಸ್ತರು ಜೋಡಿಸಿದ್ದರು.

“ನೀವು ಪ್ರತಿಸಲ ಕೇಳ್ತೀರಾ ಅಮ್ಮೀ?”

“ಪರದೆ ತಾನೇ, ಗೋಡೆ ಏನಲ್ಲ,” ಎಂದಳು ಅವಳು. “ಯುಗಾದಿ ಹಿಂದಿನ ಅಮಾವಾಸ್ಯೆಲಿ ಹಾಕಿದ್ಯಲ್ಲ, ಬಾಯಿ ತುಂಬ ಹೊಗಳಿದ್ಯಲ್ಲ, ಆ ಹಾಡಿದವನಿಗೆ ನೆಗಡಿ ಆಗಿತ್ತು. ಪಾಪ. ಹೇಳೋಣ ಅನ್ಕೊಂಡೆ. ಹೋಗ್ಲಿ ಬಿಡು. ಟೀ ಆರ್ತಿದೆ.”

ತಟ್ಟೆ ಹಿಡಿದು ಹೊರಗೆ ಬರುವ ಆರು ಹೆಜ್ಜೆಯಲ್ಲಿ ಅವನು ತೀರ್ಮಾನಿಸಿಬಿಟ್ಟ: ಹೇಳುವುದು ಬೇಡ. ಯಾರಿಗೆ ಏನು ನಷ್ಟ? ಅವಳು ಹೇಗೆ ಹಾಡಿದ್ದರೇನು, ತಾನು ಕೇಳಿಸಿಕೊಂಡದ್ದು ಅದಕ್ಕಿಂತ ಚೆನ್ನಾಗಿದೆಯಲ್ಲ. ಬೆಟ್ಟಸೀಮೆಯ ಹೆಂಗಸು ದೊಡ್ಡಬಳ್ಳಾಪುರಕ್ಕೆ ಬಂದು ತಕರಾರು ಮಾಡುವುದಿಲ್ಲ. ಪರದೆಯ ಆಚೆಯವಳೂ ಮಾಡುವುದಿಲ್ಲ. ಅವಳು ಮೊದಲೂ ಮಾಡಿರಲಿಲ್ಲ. ಲೋಟ ಹಂಚಿದ. ಮಸ್ತಾನ್ ಹಾಳೆಗಳ ಕಟ್ಟನ್ನು ಆಗಲೇ ತನ್ನ ಚೀಲಕ್ಕೆ ತುರುಕಿಕೊಂಡಿದ್ದ, ಬೆಳಗಿನ ಮೊದಲ ಬಸ್ಸಿಗೆ.

ಸಂಜೀವಪ್ಪ ಟೀ ಮುಟ್ಟಲಿಲ್ಲ. ಜೇಬಿನಿಂದ ಪೆನ್ಸಿಲು ತೆಗೆದು, ಕಚೇರಿಯ ಲಕೋಟೆಯೊಂದನ್ನು ಮಗುಚಿ ಮೊಣಕಾಲ ಮೇಲೆ ಇಟ್ಟುಕೊಂಡರು. “ನಾನು ಕೇಳಿದ್ದು ದಡ್ಡ ಪ್ರಶ್ನೆ ಆಯ್ತು ಮೇಷ್ಟ್ರೇ. ಕೂತು ಕೇಳಿದ ಮೇಲೆ ಗೊತ್ತಾಯ್ತು. ಇಷ್ಟು ವರ್ಷ ಸಂಗೀತ ಕೇಳಿದ್ದೀನಿ, ಹೀಗೆ ಯಾರೂ ಹೇಳಿರಲಿಲ್ಲ. ಆ ಮಾತು ಇನ್ನೊಂದು ಸಲ ಹೇಳಿ, ಬರ್ಕೊತೀನಿ. ಒಂದರ ಬೆನ್ನಿಗೆ...?”

ಒಪ್ಪಿದ್ದರು. ಮೂರು ವರ್ಷದ ಮೇಲೆ, ಮೂವತ್ತಾರು ಅಮಾವಾಸ್ಯೆಯ ಮೇಲೆ. ಪೆನ್ಸಿಲಿನ ಮೊನೆ ಲಕೋಟೆಯ ಮೇಲೆ ಕಾಯುತ್ತಿತ್ತು, ತಾನೇ ಉಜ್ಜಿ ಚೂಪು ಮಾಡಿದ ಮುಳ್ಳಿನ ಹಾಗೆ. ಕಲೀಮುಲ್ಲಾ ಬಾಯಿ ತೆರೆದ. ಪರದೆಯ ಆಚೆ ಬಳೆಯ ಸದ್ದೂ ಇರಲಿಲ್ಲ. ಅವಳು ಅಲ್ಲೇ ನಿಂತಿದ್ದಾಳೆ, ಕೇಳುತ್ತಿದ್ದಾಳೆ ಎಂದು ಅವನಿಗೆ ಗೊತ್ತಾಯಿತು. ಮೂರು ವರ್ಷ ಹಾಗೇ ನಿಂತು, ಪ್ರತಿ ಪ್ಲೇಟನ್ನೂ ಪ್ರತಿ ಮಾತನ್ನೂ ಕೇಳಿ, ಯಾವನಿಗೆ ನೆಗಡಿ, ಯಾವಳಿಗೆ ದಣಿವು ಎಂದು ತಿಳಿದು, ಟೀ ಮಾಡಿ ಚಿಲಕ ಅಲುಗಿಸಿದವಳು. ಅವನ ಎದೆಯಲ್ಲಿ ಏನೋ ಎದ್ದಿತು. ನಾಚಿಕೆ ಎಂದುಕೊಂಡ. ನಾಚಿಕೆಯಾಗಿದ್ದರೆ ತಲೆ ತಗ್ಗಬೇಕಿತ್ತು. ಇದು ತಲೆಯನ್ನು ಮೇಲಕ್ಕೆ ಎತ್ತುತ್ತಿತ್ತು.

“ಬರ್ಕೋಬೇಡಿ ಸಂಜೀವಪ್ಪನೋರೆ,” ಎಂದ. “ಅದು ತಪ್ಪು. ನೀವು ಕೇಳಿದ್ದೇ ಸರಿ. ಒಂದಾದ್ಮೇಲೆ ಎರಡೇ ಹಾಕ್ಬೇಕಿತ್ತು.”

“ಅರೇ!” ಮಸ್ತಾನ್ ಲೋಟ ಕೆಳಗಿಟ್ಟ. “ಹೌದಲ್ಲೋ! ಸೋಲ್ಜರುಗಳ ಕ್ಯಾಂಪಿನ ಕ್ಯಾಂಟೀನಲ್ಲಿ ನೋಡಿದ್ದೆ ಕಣೋ. ಅವರ ಮಿಷನ್ನೇ ಬೇರೆ. ಒಂದು ಕಂ‌ಬಿಗೆ ಆರೂ ಪ್ಲೇಟು ಒಟ್ಟಿಗೆ ಪೋಣಿಸ್ತಾರೆ. ಒಂದು ಮುಗಿದ್ರೆ ಇನ್ನೊಂದು ತಾನೇ ಪಟ್ ಅಂತ ಬೀಳತ್ತೆ. ಆರೂ ಮುಗಿದ್ಮೇಲೆ ಇಡೀ ಕಟ್ಟನ್ನ ದೋಸೆ ತಿರುವ್ದಂಗೆ ತಿರುವಿ ಹಾಕೋದು! ಅದಕ್ಕೇ ಒಂದರ ಬೆನ್ನಿಗೆ ಹನ್ನೆರಡು!”

“ಮೊದಲೇ ಬೊಗಳಕ್ಕೆ ಏನಾಗಿತ್ತೋ ನಿನಗೆ?”

“ನೀನು ಎಲ್ಲಿ ಬಾಯ್ ಬಿಡಕ್ಕೆ ಬಿಟ್ಟೆ ಗುರು? ಸುಖದ ಬೆನ್ನು ದುಃಖ ಅಂತ ಶುರು ಹಚ್ಕೊಂಡೆ, ನನಗೆ ಕಣ್ಣಲ್ಲಿ ನೀರ್ ಬಂತು.”

ಬೈರಣ್ಣ ನಕ್ಕ, ಈ ಸಲ ಟವಲು ಅಡ್ಡ ಹಿಡಿಯಲಿಲ್ಲ. ಕಲೀಮುಲ್ಲಾನಿಗೂ ನಗು ಬಂತು. ಅವನು ಸಂಜೀವಪ್ಪನವರ ಕಡೆ ತಿರುಗಿ ಕೈ ಮುಗಿದ. ಅವರು ಲಕೋಟೆಯನ್ನು ಮಡಿಸಿ ಜೇಬಿಗಿಟ್ಟರು, ಈಗ ನಶ್ಯ ಏರಿಸಿದರು, ಸೀನಿದರು. “ಮತ್ತೆ ಹಾಕಿ,” ಎಂದರು ಅಷ್ಟೇ.

ಹನ್ನೆರಡು ಮುಳ್ಳೂ ಸವೆದಿದ್ದವು. ಬೈರಣ್ಣ ಮರಳುಕಾಗದ ಹಿಡಿದು ಕೂತು ಒಂದೊಂದನ್ನೇ ಮತ್ತೆ ಚೂಪು ಮಾಡಿಕೊಟ್ಟ. ಒಂದು, ಎರಡು, ಮೂರು. ಕಲೀಮುಲ್ಲಾ ಮೂರು ವಾರ ಕೇಳಿದ್ದ ಹಾಡು ಇದಲ್ಲ. ಇದರಲ್ಲಿ ಚಮತ್ಕಾರವೇ ಇರಲಿಲ್ಲ. ಮಗು ತೊಟ್ಟಿಲಲ್ಲಿದೆ, ಹುಡುಗಿ ನೀರಿಗಿಳಿಯುತ್ತಾಳೆ, ಉಂಗುರ ಬರುತ್ತದೆ, ಗಂಡ ರೈಲಿನ ಕೆಲಸಕ್ಕೆ ಹೋಗುತ್ತಾನೆ, ಬರುವುದಿಲ್ಲ. ಮನೆ ಬರಿದಾಗುತ್ತದೆ, ಬಾಗಿಲಲ್ಲಿ ಕೂರುವುದು ರೂಢಿಯಾಗುತ್ತದೆ. ಎಲ್ಲರಿಗೂ ಆಗುವಂಥದೇ, ಆಗುವ ಸಾಲಿನಲ್ಲೇ. ಆದರೆ ದನಿ ಅಮ್ಮೀ ಹೇಳಿದ ಹಾಗೇ ಮೆಲ್ಲಗೆ ಬಿಚ್ಚಿಕೊಳ್ಳುತ್ತ ಬಂದು, ಆರು ಏಳರಲ್ಲಿ ಕೋಣೆ ಸಾಲದೆ ಬೀದಿಗೆ ಹರಿಯಿತು; ಆಮೇಲೆ ಒಂದೊಂದೇ ಮೆಟ್ಟಿಲು ಇಳಿಯಿತು. ಅವನು ಕಟ್ಟಿದ ಅರ್ಥಕ್ಕೆ ಅಲ್ಲಿ ಕೆಲಸವೇ ಇರಲಿಲ್ಲ. ಹನ್ನೆರಡನೆಯ ಪಕ್ಕ ಮುಗಿದು, ಪ್ಲೇಟು ಸುಮ್ಮನೆ ತಿರುಗುವಾಗ ಆ ಉಸಿರು ಬಂತು. ಸಾವೂ ಅಲ್ಲ, ಹೊಸಿಲೂ ಅಲ್ಲ. ಬೀಸುವ ಕೆಲಸ ಮುಗಿಸಿ, ಕೈ ಕೊಡವಿ, ಗೋಡೆಗೆ ಒರಗಿದವಳ ಉಸಿರು. ಚಿಕ್ಕಂದಿನಲ್ಲಿ ಅವನು ಎಚ್ಚರಗೊಳ್ಳುತ್ತಿದ್ದುದು ಹಾಡಿಗಲ್ಲ, ಆ ಉಸಿರಿಗೆ.

ಬಿಸಿಲು ಕಿಟಕಿಯ ದಂಡೆ ಬಿಟ್ಟು ಇಳಿದಿತ್ತು. ಬೈರಣ್ಣ ಕೇಳಿದ, “ನಿಮಗೆ ಒಳಗೆ ಹೋಗಿ ಬಂದ್ಮೇಲೆ ಹೊಳೀತಲ್ಲ ಮೇಷ್ಟ್ರೇ. ಯಾರ್ ಹೇಳಿದ್ದು?”

“ನಮ್ಮ ತಾಯಿ.”

“ಅಮ್ಮಾರಿಗೆ ಅವರ ಭಾಷೆ ಬರ್ತದಾ?”

“ಇಲ್ಲ,” ಎಂದ ಕಲೀಮುಲ್ಲಾ. “ಅವರು ಹಾಡ್ತಾರೆ.”

ಹಾಸ್ಟೆಲಿನಲ್ಲಿ ಹೇಳಬೇಕಾಗಿದ್ದ ಮಾತು. ಈಗ ಹೇಳಿದರೆ ಹುಡುಗ ಕೇಳಿಸಿಕೊಳ್ಳುವುದಿಲ್ಲ. ಆದರೂ ಅದನ್ನು ಎರಡನೆಯ ಸಲ, ಪರದೆಗೂ ಕೇಳುವ ಹಾಗೆ, ಗಟ್ಟಿಯಾಗಿ ಹೇಳಿದ. “ರಾಗಿ ಬೀಸುವಾಗ. ಮೂರು ಸೇರಿಗೆ ಒಂದು ಕಥೆ. ಇವಳಿಗಿಂತ ಉದ್ದ.”

ಬೈರಣ್ಣ ಎದ್ದ. ಹೊರಟನೇನೋ ಎಂದುಕೊಂಡರೆ, ತಾನು ಕೂತಿದ್ದ ಬೆಂಚನ್ನು ಎತ್ತಿ ಬೀದಿಬಾಗಿಲ ಕಡೆಗೆ ಮುಖ ಮಾಡಿ ಇಟ್ಟ, ಒಳಬಾಗಿಲಿಗೆ ಬೆನ್ನು ಹಾಕಿ ಕೂತ. “ನಾವು ಈ ಕಡೆ ತಿರುಗ್ಕೊಂಡಿರ್ತೀವಿ ಕಣವ್ವ,” ಎಂದ, ಬೀದಿಗೆ ಹೇಳುವವನ ಹಾಗೆ. “ಬಲವಂತ ಏನಿಲ್ಲ. ಮಗ್ಗ ಬೆಳಗ್ಗೆ ಶುರುವಾದ್ರೆ ಇನ್ನೊಂದು ಅಮಾಸೆ ತನಕ ಕಾಯ್ಬೇಕು, ಅದಕ್ಕೆ.” ಸಂಜೀವಪ್ಪ ತಮ್ಮ ಕುರ್ಚಿಯನ್ನು ತಾವೇ ತಿರುಗಿಸಿಕೊಂಡರು. ಮಸ್ತಾನ್ ಒಂದು ಗಳಿಗೆ ಪಿಳಿಪಿಳಿ ನೋಡಿ, ನೆಲದ ಮೇಲೇ ಬೀದಿಗೆ ಮುಖ ಮಾಡಿ ಕೂತ. ಎದುರು ಮನೆಯ ಜಗಲಿಯ ಅಂಜಿನಮ್ಮ, ಮೂವರು ಗಂಡಸರು ಸಾಲಾಗಿ ತನ್ನನ್ನೇ ನೋಡುತ್ತ ಕೂತದ್ದನ್ನು ಕಂಡು ಮೊರ ಎತ್ತಿಕೊಂಡು ಒಳಗೆ ಹೋದಳು.

ಕಲೀಮುಲ್ಲಾ ಕಡೆಯವನಾಗಿ ತಿರುಗಿದ. ಬೆನ್ನಿಗೆ ಪರದೆ. ಏನೂ ಇಲ್ಲ. ನಕ್ಕೋ ಎಂದವನು ತಾನು. ಈಗ ಹಾಡು ಎನ್ನುವ ಹಕ್ಕು ತನಗಿಲ್ಲ. ಚಿಲಕ ಅಲುಗಬಹುದು, ಇನ್ನೊಂದು ಸುತ್ತು ಟೀ ಆಗಬಹುದು. ಅವನು ಮಸ್ತಾನನ ಚೀಲದಿಂದ ಹಾಳೆಗಳ ಕಟ್ಟನ್ನು ಎಳೆದುಕೊಂಡ. ಆಗ ಕೇಳಿತು: ಒಂದು ಪಾತ್ರೆ ನೆಲಕ್ಕಿಟ್ಟ ಸದ್ದು. ಇನ್ನೊಂದು. ಮೂರನೆಯದು. ಆಮೇಲೆ ಕಲ್ಲನ್ನು ಗೋಡೆಯಿಂದ ಈಚೆಗೆ ಜಗ್ಗಿದ ಕೊರಕಲು ಸದ್ದು, ವರ್ಷಗಳ ಧೂಳನ್ನು ಬಟ್ಟೆಯಿಂದ ಕೊಡವಿದ್ದು, ಡಬ್ಬಿಯಿಂದ ಮೊರಕ್ಕೆ ಸುರಿದ ರಾಗಿ. ಅವನು ಮೇಲಿನ ಹಾಳೆಯನ್ನು ಮಗುಚಿ ಮೊಣಕಾಲ ಮೇಲೆ ಇಟ್ಟುಕೊಂಡ. ಸಂಜೀವಪ್ಪ ನೋಡದೆಯೇ ಪೆನ್ಸಿಲು ಚಾಚಿದರು. ಅವನು ಬರೆದ:

‘ಈ ತಿಂಗಳ ಶಿಫಾರಸು. ಆರು ಪ್ಲೇಟಿನ ಅಮೆರಿಕದ ಬೆಟ್ಟಸೀಮೆಯ ಹಾಡು. ಅಂಕಿಗಳ ಸಾಲಿನಲ್ಲೇ ಕೇಳಿ. ಸಾಲಿನ ಬಗ್ಗೆ ಮೊದಲು ಕೇಳಿದವರು ಸಂಜೀವಪ್ಪನವರು, ತಿದ್ದಿದವರು ನನ್ನ ತಾಯಿ. ಅದಕ್ಕಿಂತ ಮೊದಲು ಇನ್ನೊಂದು. ಹಾಡುವವರು ನನ್ನ ತಾಯಿ. ಪ್ಲೇಟು ಇಲ್ಲ, ಕಳಿಸಿಕೊಡಲು ಆಗುವುದಿಲ್ಲ. ಅಮಾವಾಸ್ಯೆಯ ದಿನ ಬಂದು, ಬೀದಿಗೆ ಮುಖ ಮಾಡಿ ಕೂತು ಕೇಳಬೇಕು.’

ಒಳಗೆ ಕಲ್ಲು ತಿರುಗತೊಡಗಿತು. ಒಂದು ಸುತ್ತು, ಹತ್ತು ಸುತ್ತು. ದನಿಯಿಲ್ಲ, ಕಲ್ಲಷ್ಟೇ, ಒಣಗಿ, ತಡವರಿಸಿ, ಮತ್ತೆ ಹಿಡಿದುಕೊಂಡು.

ಮಸ್ತಾನ್ ತಲೆ ತಿರುಗಿಸದೆ ಪಿಸುಗುಟ್ಟಿದ, “ಹಾಡು ಯಾವಾಗ್ಲೋ ಶುರುವಾಗೋದು?”

“ಆಗಿದೆ ಕಣೋ,” ಎಂದ ಕಲೀಮುಲ್ಲಾ. “ಸುಮ್ನೆ ಕೇಳು.”